ಬಾಗಿಲ ಕೆಳಗಿನ ತಗಡು

ಕಾರನ್ನು ಎತ್ತಲು ಜ್ಯಾಕ್ ಕೊಟ್ಟ ಜಾಗದಲ್ಲಿ ಹೊಸ ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದನ್ನು ಅಣ್ಣ ಕಂಡ. ಅಜ್ಜನ ಕಾಲದ ಆ ಕಾರಿನಡಿ ತಮ್ಮ ಅಂಗಾತ ಮಲಗಿ ತುಕ್ಕು ಕೆರೆಯುತ್ತಿದ್ದ. ಹೊರಗೆ ಕಾಣುತ್ತಿದ್ದುದು ಅವನ ಪಾದಗಳು ಮಾತ್ರ.

ಬಾಗಿಲ ಕೆಳಗಿನ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಬೆಸುಗೆಯ ಕೆಲಸ ಅಣ್ಣನದು. ಸೋಮಾರಿತನಕ್ಕೆ ಅವನು ತೂತುಗಳಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಬಳಿದು, "ಬೆಸುಗೆ ಆಯ್ತು" ಅಂದಿದ್ದ. ತಮ್ಮ ಅದನ್ನೇ ನಂಬಿ ಅಲ್ಲಿಗೇ ಜ್ಯಾಕ್ ಕೊಟ್ಟಿದ್ದ.

ಕೂಗಿದರೆ ಹುಡುಗ ಬೆಚ್ಚಿ ಮೈ ಕೊಡವಿಯಾನು, ಕಾರು ಅಲುಗೀತು. "ಮರೀ, ಮೆಲ್ಲಗೆ ಹೊರಗೆ ಬಾ," ಎಂದ, ದೇವರ ಮುಂದೆ ನಿಂತವನಂತೆ ದನಿ ತಗ್ಗಿಸಿ.

"ಯಾಕಣ್ಣಾ? ನಿನ್ನ ಬೆಸುಗೆ ಮೇಲೆ ನಿನಗೇ ನಂಬಿಕೆ ಇಲ್ವಾ?" ಕೆಳಗಿನಿಂದ ನಗು ಕೇಳಿಸಿತು.

"ಅದು ಬೆಸುಗೆ ಅಲ್ಲ ಕಣೋ. ಬರೀ ಪುಟ್ಟಿ."

ಕೆರೆಯುವ ಸದ್ದು ನಿಂತಿತು. ಪಾದಗಳು ಅಲುಗಲಿಲ್ಲ. ಜ್ಯಾಕಿನ ಮೇಲೆ ಪುಟ್ಟಿಯ ಪುಡಿ ಸಣ್ಣಗೆ ಉದುರತೊಡಗಿತು.