ಕಮಲಾಕ್ಷಣ್ಣನ ಬೈರಾಸು

ಒಂಬತ್ತನೇ ಟೇಬಲ್ಲಿನ ಮಸಾಲೆ ದೋಸೆ, ಕಾವಲಿಯ ಪಕ್ಕದ ಗೋಡೆಗೆ ಸಿಕ್ಕಿಸಿದ ಫೋನಿನ ಪರದೆಯಿಂದ ಮೂರನೇ ಸಲ ಮಾಯವಾದಾಗ ಹೋಟೆಲಿನ ಒಡತಿ ಕಾಂತಿಯಕ್ಕ ಕೌಂಟರು ಬಿಟ್ಟು ನೇರ ಅಡುಗೆಮನೆಗೇ ಬಂದರು.

"ಶಿಫಾನಾ, ನಿನ್ನ ಆ್ಯಪ್ ಆರ್ಡರ್ ನುಂಗುತ್ತಾ ಉಂಟು. ನಾಲ್ಕೂವರೆಗೆ ಟೂರಿಸ್ಟ್ ಬಸ್ಸಿನವರು ಬರ್ತಾರೆ. ಅಷ್ಟರೊಳಗೆ ಸರಿಯಾಗದಿದ್ದರೆ ಈ ಫೋನು ಗೋಡೆಯಿಂದ ಇಳಿಯಿತು ಅಂತಲೇ ತಿಳಿ. ನಮಗೆ ಮೊದಲಿನ ಹಾಗೆ ಕೂಗಿ ಹೇಳುವುದೇ ಸಾಕು."

"ಸರಿ ಮಾಡ್ತೇನೆ ಕಾಂತಿಯಕ್ಕ," ಎಂದಳು ಶಿಫಾನಾ. ಮೂಡುಬಿದಿರೆಯ ಬಾಡಿಗೆ ಕೋಣೆಯೊಂದರಲ್ಲಿ ಕುಳಿತು ಆ ಆ್ಯಪ್ ಮಾಡಿದವಳು ಅವಳೇ. ಬೆಳ್ತಂಗಡಿಯ ಈ ಹೋಟೆಲೇ ಅವಳ ಮೊದಲ ಗಿರಾಕಿ. ಇಲ್ಲಿಂದ ಇಳಿದ ಫೋನು ಇನ್ನೊಂದು ಹೋಟೆಲಿನ ಗೋಡೆ ಹತ್ತುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೆದರಲಿಲ್ಲ, ಹೆದರುವ ಪೈಕಿಯೇ ಅಲ್ಲ ಅವಳು.

ನಿನ್ನೆಯಷ್ಟೇ ಆ್ಯಪಿಗೊಂದು ಎಳೆಯುವ ಪ್ಯಾನೆಲ್ ಸೇರಿಸಿದ್ದಳು. ಪರದೆಯ ಅಡಿಯಿಂದ ಬೆರಳಿನಲ್ಲಿ ಮೇಲಕ್ಕೆಳೆದರೆ ಆರ್ಡರುಗಳ ಪಟ್ಟಿ ಪೂರ್ತಿ ತೆರೆದುಕೊಳ್ಳಬೇಕು, ಕೆಳಕ್ಕೆಳೆದರೆ ಮುಚ್ಚಿಕೊಳ್ಳಬೇಕು. ನೂರು ಸಲ ಎಳೆದು ನೋಡಿದ್ದಳು. ಅದು ಜಾರುವ ಚಂದಕ್ಕೆ ತಾನೇ ಮೆಚ್ಚಿ ಒಂದು ಚಹಾ ಜಾಸ್ತಿ ಕುಡಿದಿದ್ದಳು.

"ಕಮಲಾಕ್ಷಣ್ಣ, ನೀವು ಈ ಪಟ್ಟಿಯನ್ನು ಕೆಳಗೆ ಎಳೆದಿರಾ?"

"ನಾನಾ? ದೇವರಾಣೆ ಇಲ್ಲ. ಅದನ್ನು ಮುಟ್ಟಲಿಕ್ಕೆ ನನಗೆ ಪುರುಸೊತ್ತು ಎಲ್ಲುಂಟು ಮಾರಾಯ್ತಿ?" ಇಪ್ಪತ್ತು ವರ್ಷ ಒಂದೇ ಕಾವಲಿಯ ಮುಂದೆ ನಿಂತು ದೋಸೆ ಹೊಯ್ದವರು ಕಮಲಾಕ್ಷ. ಆ ಪ್ರಶ್ನೆ ಅವರಿಗೆ ಬೇಸರವನ್ನೇ ತಂದಿತು.

"ಆಯ್ತು. ನೀವು ನಿಮ್ಮಷ್ಟಕ್ಕೆ ದೋಸೆ ಹೊಯ್ಯಿರಿ. ನಾನು ಸುಮ್ಮನೆ ನೋಡ್ತೇನೆ."

ಶಿಫಾನಾ ಪಟ್ಟಿಯನ್ನು ಪುನಃ ಮೇಲಕ್ಕೆಳೆದು, ಅಕ್ಕಿ ಡಬ್ಬದ ಪಕ್ಕ ಹೋಗಿ ನಿಂತಳು. ಕಮಲಾಕ್ಷ ಕಾವಲಿಗೆ ನೀರು ಚಿಮುಕಿಸಿ, ಚೊಂಯ್ ಎಂದ ಕೂಡಲೇ ಹಿಡಿಸೂಡಿಯಿಂದ ಗುಡಿಸಿ, ಹಿಟ್ಟು ಹೊಯ್ದರು. ಒಂದು ಹನಿ ಫೋನಿಗೆ ಸಿಡಿಯಿತು. ಕಣ್ಣು ದೋಸೆಯ ಮೇಲೇ ಇತ್ತು, ಕೈ ಮಾತ್ರ ಹೆಗಲ ಮೇಲಿನ ಒದ್ದೆ ಬೈರಾಸನ್ನು ತೆಗೆದು ಫೋನನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಒರೆಸಿ ಮತ್ತೆ ಹೆಗಲಿಗೆ ಹಾಕಿಕೊಂಡಿತು. ಪ್ಯಾನೆಲ್ ಸದ್ದಿಲ್ಲದೆ ಜಾರಿ ಮುಚ್ಚಿಕೊಂಡಿತು. ಒಂಬತ್ತನೇ ಟೇಬಲ್ ಮತ್ತೆ ಉಪವಾಸ!

ಶಿಫಾನಾಳಿಗೆ ನಗು ತಡೆಯಲಾಗಲಿಲ್ಲ.

"ಎಂತ ನಗುವುದು?"

"ಏನಿಲ್ಲ ಕಮಲಾಕ್ಷಣ್ಣ. ನಿಮ್ಮದು ತಪ್ಪಿಲ್ಲ. ನಾನು ಕೈ ತೊಳೆದು, ಟೇಬಲ್ ಮುಂದೆ ಕೂತು ಪರೀಕ್ಷೆ ಮಾಡಿದ್ದೇ ತಪ್ಪು."

ಫೋನು ಒರೆಸಬೇಡಿ ಎಂದು ಹೇಳಿಬಿಡುವುದು ಸುಲಭವಿತ್ತು. ಆದರೆ ಇಪ್ಪತ್ತು ವರ್ಷ ಪಳಗಿದ ಕೈ ನಿನ್ನೆ ಹುಟ್ಟಿದ ಪ್ಯಾನೆಲಿನ ಮಾತು ಕೇಳುವುದುಂಟೇ? ಕೇಳಬೇಕಾದರೂ ಯಾಕೆ? ಅವಳು ಅಕ್ಕಿ ಡಬ್ಬದ ಮೇಲೆ ಲ್ಯಾಪ್‌ಟಾಪ್ ಬಿಡಿಸಿದಳು. ಒರೆಸುವ ಬೈರಾಸು ಎಲ್ಲಿಯೂ ನಿಲ್ಲುವುದಿಲ್ಲ, ಎಳೆಯುವ ಬೆರಳಾದರೆ ಅರೆಗಳಿಗೆ ನಿಲ್ಲಬಲ್ಲದು. ಹಾಗಾದರೆ ಅರೆಗಳಿಗೆ ಒತ್ತಿ ಹಿಡಿದು ಎಳೆದರೆ ಮಾತ್ರ ಪ್ಯಾನೆಲ್ ಅಲುಗಲಿ. ನಾಲ್ಕು ಸಾಲು ಬದಲಾಯಿಸಿ, ಫೋನಿಗೆ ಹಾಕಿ, ಈ ಸಲ ಬೆರಳಿನಲ್ಲಲ್ಲ, ಕಮಲಾಕ್ಷರ ಬೈರಾಸನ್ನೇ ಕೇಳಿ ಪಡೆದು ಒರೆಸಿ ನೋಡಿದಳು. ಪಟ್ಟಿ ಕದಲಲಿಲ್ಲ.

ಹೇಳಿದ ಹೊತ್ತಿಗೆ ಬಸ್ಸು ಬಂತು. ಹದಿನಾಲ್ಕು ದೋಸೆಗಳು ಒಂದರ ಹಿಂದೆ ಒಂದು ಹೊರಗೆ ಹೋದವು. ನಡುವೆ ಕಮಲಾಕ್ಷ ಏಳೆಂಟು ಸಲವಾದರೂ ಫೋನು ಒರೆಸಿದರು. ಒಂದು ಆರ್ಡರೂ ತಪ್ಪಲಿಲ್ಲ.

ಗದ್ದಲ ಇಳಿದ ಮೇಲೆ ಕಾಂತಿಯಕ್ಕ ಒಳಗೆ ಬಂದು ಗೋಡೆಯ ಫೋನನ್ನೂ ಕಮಲಾಕ್ಷರನ್ನೂ ನೋಡಿದರು. "ಸಮಸ್ಯೆ ಎಂತದಿತ್ತು?"

"ಒರೆಸುವಾಗ ಬೈರಾಸು ತಾಗಿ ಪಟ್ಟಿ ಮುಚ್ಚುತ್ತಿತ್ತು."

"ಅವನಿಗೆ ಒರೆಸಬೇಡ ಅಂತ ಹೇಳಿದಿಯಾ? ನನ್ನ ಮಾತನ್ನೇ ಕೇಳದ ಮನುಷ್ಯ, ನಿನ್ನದು ಹೇಗೆ ಕೇಳಿದ?"

ಶಿಫಾನಾ ಲ್ಯಾಪ್‌ಟಾಪ್ ಮಡಚಿ ಚೀಲಕ್ಕೆ ಹಾಕಿದಳು.

"ಅವರಿಗೆ ಹೇಳಲಿಲ್ಲ ಕಾಂತಿಯಕ್ಕ. ಪ್ಯಾನೆಲಿಗೆ ಹೇಳಿದೆ."