ಬೋಲ್ಟು ಬರೆದದ್ದು

“ಇದನ್ನ ನಡೆಸೋರು ಯಾರು?” ಎನ್ನುತ್ತ ಪ್ಲಂಬರ್ ಕನ್ನಡಕದ ಅಂಗಡಿಗೆ ನುಗ್ಗಿ, ತನ್ನ ಫೋನನ್ನು ಗಾಜಿನ ಮೇಜಿನ ಮೇಲೆ ಕುಕ್ಕಿದ. ಅದರಲ್ಲಿದ್ದದ್ದು ಅಂಗಡಿಯಾಕೆಯದೇ ವೆಬ್ ಪುಟ. ಅಡಿಯಲ್ಲಿ ಈ ಅಂಗಡಿಯದೇ ವಿಳಾಸ. ನಡುವೆ ‘ಬೋಲ್ಟು’ ಎಂಬ ಹೆಸರು, ಅದರ ಕೆಳಗೆ ಒಂದೇ ಸಾಲು: ‘ಇವರು ತಮ್ಮ ಬರಹವನ್ನು ಇಲ್ಲಿ ತೋರಿಸಲು ಒಪ್ಪಿಲ್ಲ.’

“ನಾನೇ ನಡೆಸೋದು. ಕೂತ್ಕೊಳ್ಳಿ ಅಣ್ಣಾ.”

“ಕೂರೋಕೆ ಬಂದಿಲ್ಲಮ್ಮಾ. ಬೋಲ್ಟು ನನ್ ಮಗಳು, ಹಡಗಿನ ಎಂಜಿನ್ ರೂಮಲ್ಲಿದಾಳೆ. ಸಣ್ಣವಳಿದ್ದಾಗ ಜೇಬು ತುಂಬ ಬೋಲ್ಟು ಹಾಕ್ಕೊಂಡು ನನ್ ಹಿಂದೆ ತಿರುಗ್ತಿದ್ಲು ಅಂತ ನಾನೇ ಇಟ್ಟ ಹೆಸರು ಅದು. ಹುಡುಕ್ದಾಗ ಇಲ್ಲಿ ಸಿಕ್ತು. ಮಗಳು ಬರ್ದಿದ್ದನ್ನ ಅಪ್ಪ ಓದೋಕೆ ಯಾರ ಒಪ್ಪಿಗೆ ಬೇಕು?”

“ಮಗಳದ್ದು,” ಎಂದಳು ಅಂಗಡಿಯಾಕೆ.

ಅವನ ಮುಖ ಕೆಂಪೇರಿತು. ಅವಳು ಲೆನ್ಸ್ ಡಬ್ಬಿಗಳ ಕಪಾಟಿನ ಮೇಲೆ ಗುಂಯ್‌ಗುಡುತ್ತಿದ್ದ ಹಳೆಯ ಕಂಪ್ಯೂಟರನ್ನು ತೋರಿಸಿ, ನಿಧಾನವಾಗಿ ಬಿಡಿಸಿ ಹೇಳಿದಳು. ಬೋಲ್ಟು ಬರೆಯುವುದು ಗೆಳೆಯರ ಒಂದು ಬಳಗದೊಳಗೆ; ಅದಕ್ಕೆ ನಡುವೆ ಕಂಪನಿಯಿಲ್ಲ, ಧಣಿಯಿಲ್ಲ. ಒಬ್ಬರು ಬರೆದದ್ದು ಅವರ ಫೋನಿನಿಂದ ಗೆಳೆಯರ ಫೋನಿಗೆ, ಅಲ್ಲಿಂದ ಗೆಳೆಯರ ಗೆಳೆಯರಿಗೆ, ಬಾಯಿಂದ ಬಾಯಿಗೆ ಸುದ್ದಿ ಹೋದ ಹಾಗೆ ಹೋಗುತ್ತದೆ. ನಡುಗಡಲಲ್ಲಿ ನೆಟ್ ಇಲ್ಲದಿದ್ದರೂ ಬರೆದಿಟ್ಟುಕೊಳ್ಳಬಹುದು. ಹಡಗು ದಡ ಮುಟ್ಟಿದಾಗ ಅದು ಹೊರಡುತ್ತದೆ. ಬಳಗದ ಹೊರಗಿನವರೂ ಓದಲೆಂದು ಈ ಕಂಪ್ಯೂಟರಿನಿಂದ ತಾನು ತೆರೆದಿಟ್ಟ ಕಿಟಕಿ ಈ ಪುಟ. ‘ಬೀದಿಯವರೂ ಓದಲಿ’ ಎಂದು ಒಪ್ಪಿದವರ ಮಾತು ಮಾತ್ರ ಅಲ್ಲಿ ಕಾಣುತ್ತದೆ.

“ಹಾಗಾದ್ರೆ ಅವಳು ಬರ್ದಿದ್ದು ಆ ಡಬ್ಬದೊಳಗೆ ಇದೆ ಅನ್ನಿ.”

“ಇದೆ.”

“ನೀವು ಓದಿದೀರಾ?”

“ಓದಿದೀನಿ. ನಾನೂ ಆ ಬಳಗದವಳೇ.”

ಪ್ಲಂಬರನ ದನಿ ಇಳಿಯಿತು. “ಚೆನ್ನಾಗಿದಾಳಾ?”

“ಚೆನ್ನಾಗಿದಾಳೆ.” ಹಡಗಿನಲ್ಲಿ ಯಾವ ಕೊಳವೆ ಸಿಳ್ಳೆ ಹಾಕಿದರೂ, ಕೆಲಸ ಮಾಡುತ್ತ ಸಿಳ್ಳೆ ಹಾಕುವ ಅಪ್ಪನ ನೆನಪಾಗುತ್ತದೆ ಎಂದು ಬೋಲ್ಟು ಬರೆದಿದ್ದಳು. ನಾಲಿಗೆಯ ತುದಿಗೆ ಬಂದ ಆ ಮಾತನ್ನು ಅಂಗಡಿಯಾಕೆ ನುಂಗಿಕೊಂಡಳು.

“ಒಂದ್ಸಲ ಆ ಪರದೆ ಹಾಗೇ ತಿರುಗಿಸಿ ತೋರ್ಸಿ ತಾಯಿ. ಅವಳಿಗೆ ಗೊತ್ತಾಗಲ್ಲ.”

ಒಳಗೆ ಗಾಜು ಉಜ್ಜುತ್ತಿದ್ದ ಗಂಡ ತಲೆ ಹೊರಹಾಕಿದ. “ತೋರ್ಸೇ, ಪಾಪ. ಹೆತ್ತವರ ಕರುಳು.”

ಅವಳ ಕೈ ಪರದೆಯವರೆಗೂ ಹೋಗಿ ನಿಂತಿತು. “ಅವಳಿಗೆ ಗೊತ್ತಾಗಲ್ಲ ಅಂದ್ರಲ್ಲ, ನನಗೆ ಆಗದೆ ಇರೋದು ಅದೇ ಅಣ್ಣಾ. ಇಣುಕಿ ನೋಡೋದ್ಯಾಕೆ, ಬಾಗಿಲಲ್ಲೇ ಬನ್ನಿ. ನಿಮ್ಮನ್ನ ಈಗಲೇ ಬಳಗಕ್ಕೆ ಸೇರಿಸ್ತೀನಿ. ಆದ್ರೆ ನೀವು ಬಂದಿದ್ದು ಅವಳಿಗೂ ಕಾಣುತ್ತೆ.”

ಕಷ್ಟವಿದ್ದದ್ದು ಅಲ್ಲೇ. ತನ್ನ ನಲ್ಲಿ-ಪೈಪಿನ ಅಂಗಡಿ ನೋಡಿಕೊಳ್ಳದೆ ಹಡಗು ಹತ್ತಿದ ಮಗಳಿಗೆ ಅವನು, “ಹೊಸ್ತಿಲು ದಾಟಿದ್ಮೇಲೆ ನನಗೆ ಫೋನ್ ಮಾಡ್ಬೇಡ” ಎಂದಿದ್ದ. ಹಟದಲ್ಲಿ ಅಪ್ಪನಿಗೆ ತಕ್ಕ ಮಗಳು, ಮಾಡಿರಲಿಲ್ಲ. ಇಷ್ಟನ್ನು ಗೋಡೆಯ ಕಡೆ ನೋಡಿಕೊಂಡು ಹೇಳಿ ಮುಗಿಸಿ, “ಈಗ ನಾನೇ ಮೊದಲು ಹೋಗ್ಲಾ?” ಎಂದವನೇ ಫೋನೆತ್ತಿಕೊಂಡು ಹೊರಟೇಹೋದ.

“ನಿನ್ನದು ಅತಿಯಾಯ್ತು,” ಎಂದ ಗಂಡ. ಆಮೇಲೆ ಅವಳ ಕೈಗೆ ಕೆಲಸವೇ ಹತ್ತಲಿಲ್ಲ. ಯಾರದೋ ಚೌಕಟ್ಟಿಗೆ ಯಾರದೋ ಗಾಜು ಕೂರಿಸಿ ಮತ್ತೆ ಬಿಚ್ಚಿದಳು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಅವನು ಮೆಟ್ಟಿಲ ಮೇಲೆ ಕೂತಿದ್ದ. ನಿದ್ದೆಗೆಟ್ಟ ಕಣ್ಣು. “ಸೇರಿಸಿ,” ಎಂದ.

“ಏನು ಹೆಸರು ಹಾಕ್ಲಿ?”

“ಬೋಲ್ಟು ಅಪ್ಪ.”

ದಪ್ಪ ಬೆರಳೊಂದರಲ್ಲಿ ತಾನೇ ಹುಡುಕಿ ಹುಡುಕಿ ಒತ್ತಿದ: ‘ಬೋಲ್ಟು, ನಾನು. ನೀನು ಬರೆದದ್ದು ಓದಲಾ?’ ಅಷ್ಟರಲ್ಲಿ ಮಗಳ ಬರಹವೆಲ್ಲ ಅವನ ಫೋನಿಗೆ ಇಳಿದಾಗಿತ್ತು. ಒಮ್ಮೆ ಬೆರಳಿಟ್ಟರೆ ಸಾಕು, ತೆರೆದುಕೊಳ್ಳುತ್ತಿತ್ತು.

“ಬಂದಿದೆ ಅಣ್ಣಾ. ಈಗ ನೀವೂ ಬಳಗದವರು, ಧಾರಾಳವಾಗಿ ಓದ್ಬಹುದು.”

“ಕೇಳಿದೀನಲ್ಲ. ಅವಳು ಹೇಳ್ಲಿ,” ಎಂದು ಫೋನನ್ನು ಜೇಬಿಗಿಳಿಸಿದ.

ಹಡಗು ನಡುಗಡಲಲ್ಲಿತ್ತು. ಆ ದಾರಿಯಲ್ಲಿ ಹೋದಾಗಲೆಲ್ಲ ಅವನು ಅಂಗಡಿಗೆ ಇಣುಕಿ, ಉತ್ತರ ಬಂದಿಲ್ಲವೆಂದು ತಲೆಯಾಡಿಸುತ್ತಿದ್ದ. ಒಂದು ಸಲ ಒಳಗೆ ಬಂದು, ಯಾರೂ ಹೇಳದಿದ್ದರೂ ಹಿಂಬದಿಯ ತೊಟ್ಟಿಕ್ಕುವ ನಲ್ಲಿ ಸರಿಮಾಡಿ ಹೋದ. ಅವನು ಅತ್ತ ಹೋದೊಡನೆ ಅಂಗಡಿಯಾಕೆ ಕಂಪ್ಯೂಟರಿನತ್ತ ನೋಡುವಳು. ಮಗಳು ಬೇಡವೆಂದುಬಿಟ್ಟರೆ? ಬಾಗಿಲು ತೋರಿಸಿದವಳು ತಾನೇ ಅಲ್ಲವೇ?

ಕೊನೆಗೊಂದು ದಿನ ಪ್ಲಂಬರ್ ರಸ್ತೆಯಾಚೆಯಿಂದಲೇ ಫೋನು ಎತ್ತಿ ಹಿಡಿದು ಓಡಿಬಂದ. “ಬಂತಮ್ಮಾ, ಬಂತು! ಕೇಳಿ.” ಉಸಿರು ಸುಧಾರಿಸಿಕೊಳ್ಳದೆ ಓದಿದ: “‘ಅಪ್ಪಾ, ಓದು. ಮೊದಲಿಂದ ಓದು. ಮೂರನೇ ಪಂಪಿನ ಕಥೆ ಬಂದಾಗ ಮಾತ್ರ ಬೈಬೇಡ. ನೀನು ಹೇಳಿಕೊಟ್ಟ ಹಾಗೆ ಮಾಡದೆ ಮೈಯೆಲ್ಲ ಎಣ್ಣೆ ಮಾಡ್ಕೊಂಡೆ.’ ವಾಷರ್ ತಿರುಗಾಮುರುಗಾ ಹಾಕಿರ್ತಾಳೆ, ಕತ್ತೆ!” ಎಂದು ನಗುತ್ತ ತೋಳಿನಿಂದ ಕಣ್ಣೊರೆಸಿಕೊಂಡ.

ಆ ಉತ್ತರ ಬೆಳಗ್ಗೆಯೇ ಅವಳ ಕಂಪ್ಯೂಟರಿಗೂ ಬಂದಿತ್ತು. ಓದುತ್ತ ನಿಂತದ್ದರಲ್ಲಿ ಅವಳ ಕಾಫಿ ಆರಿಹೋಗಿತ್ತು. ಒಂದೊಂದು ಅಕ್ಷರವೂ ಬಾಯಿಪಾಠವಾಗಿತ್ತು. ಆದರೂ ಸ್ಟೂಲು ಎಳೆದುಕೊಂಡು, ಗಲ್ಲಕ್ಕೆ ಕೈಕೊಟ್ಟು ಕೂತು, “ಅಯ್ಯೋ, ಹೌದಾ! ಇನ್ನೊಂದ್ಸಲ ಓದಿ ಅಣ್ಣಾ,” ಎಂದಳು.