ಸೊಸೆ ಕಟ್ಟಿದ ಕಾರು

ಮಾವನ ಐವತ್ತಾರನೇ ಇಸವಿಯ, ಕೋಳಿ ಕಾವಿಗೆ ಕೂರುತ್ತಿದ್ದ ಕಾರನ್ನು ಸರ್ವಮಂಗಳ ನಾಲ್ಕು ವರ್ಷ ಹಿತ್ತಲಲ್ಲೇ ಬಿಚ್ಚಿ, ತಿಕ್ಕಿ, ಮತ್ತೆ ಕಟ್ಟಿದಳು. ಅದು ಕೆಮ್ಮದೆ ಓಡಿದ ವಾರವೇ ಮಾವ ಗಿರಾಕಿಯನ್ನು ಕರೆತಂದರು.

"ಇದನ್ನ ಮಾರೋಕೆ ನಾನು ಬಿಡಲ್ಲ, ಮಾವ."

"ಕಾರು ನನ್ನ ಹೆಸರಲ್ಲಿದೆ ತಾಯಿ. ನೀನು ಒಳಗೆ ಹೋಗಿ ಕಾಫಿ ಮಾಡು."

ಮಾಡಿ ತಂದುಕೊಟ್ಟಳು. ಗಿರಾಕಿ ಕೀ ತಿರುಗಿಸಿದ. ಎಂಜಿನ್ ಗೊರಗುಟ್ಟಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಹತ್ತು ಸಲ ತಿರುಗಿಸಿ, ಬೆವರೊರೆಸಿಕೊಂಡು ಇಳಿದ.

"ಹೆಂಗಸರು ರಿಪೇರಿ ಮಾಡಿದ್ದು ಅಂದ್ರಲ್ಲ ಯಜಮಾನ್ರೇ, ಆಗಲೇ ಅನ್ಕೊಂಡೆ. ನಂಗೆ ಬೇಡ."

"ನಮ್ಮ ಕೈಗುಣವೇ ಅಷ್ಟು ಸಾರ್," ಎಂದಳು ಸರ್ವಮಂಗಳ.

ಅವನ ಬೈಕು ತಿರುವು ದಾಟಿದ ಮೇಲೆ, ಮಾವನ ಎದುರಿಗೇ ಸೆರಗಿನ ಗಂಟು ಬಿಚ್ಚಿ, ಎಂಜಿನ್ನಿಗೆ ಕಿಡಿ ಹಂಚುವ ಪುಟ್ಟ ರೋಟರನ್ನು ತೆಗೆದು ಬಾನೆಟ್ಟಿನೊಳಗೆ ಅದರ ಜಾಗದಲ್ಲಿ ಕೂರಿಸಿದಳು.